ನರ್ಸ್ ಉಳಿಯುವುದು ವಾರ್ಡ್ ಮ್ಯಾನೇಜರ್ ಕೈಯಲ್ಲಿ

ಮಂಗಳೂರು, ಬೆಂಗಳೂರಿನಲ್ಲಿ ನರ್ಸಿಂಗ್ ಓದಿದ ಅನೇಕರು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳಲ್ಲಿದ್ದಾರೆ. ಅವರನ್ನು ಕರೆಸಿಕೊಳ್ಳಲು ಆಸ್ಪತ್ರೆಗಳು ವೀಸಾ, ಟಿಕೆಟ್, ಮೊದಲ ವಾರಗಳ ವಸತಿ, ಅಲ್ಲಿ ನರ್ಸ್ ಆಗಿ ನೋಂದಣಿಯಾಗಲು ಪಾಸಾಗಬೇಕಾದ ಆಸ್ಕಿ (OSCE) ಪ್ರಾಯೋಗಿಕ ಪರೀಕ್ಷೆಯ ತರಬೇತಿ ಎಂದು ದೊಡ್ಡ ಮೊತ್ತ ಸುರಿಯುತ್ತವೆ. ಆದರೆ ಬಂದವರನ್ನು ಉಳಿಸಿಕೊಳ್ಳಬೇಕಾದ ವಾರ್ಡ್ ಮ್ಯಾನೇಜರ್‌ಗೆ, ಅಂದರೆ ವಾರ್ಡಿನ ಮುಖ್ಯ ನರ್ಸ್‌ಗೆ, ಆ ಕೆಲಸ ಕಲಿಸುವುದನ್ನೇ ಮರೆಯುತ್ತವೆ.

ಇಲ್ಲಿ ಸಂಬಳದ ದರ್ಜೆಗೆ ಬ್ಯಾಂಡ್ ಎನ್ನುತ್ತಾರೆ. ನೋಂದಣಿಯಾದ ನರ್ಸ್ ಬ್ಯಾಂಡ್ 5ರಲ್ಲಿ ಶುರು ಮಾಡುತ್ತಾರೆ; ವಾರ್ಡ್ ಮ್ಯಾನೇಜರ್ ಬ್ಯಾಂಡ್ 7. ರೋಗಿಗಳನ್ನು ಚೆನ್ನಾಗಿ ನೋಡಿಕೊಳ್ಳುವವರಿಗೇ ಬಡ್ತಿ ಸಿಗುತ್ತದೆ, ಅದು ಸರಿಯೇ. ಆದರೆ ಡ್ಯೂಟಿ ಪಟ್ಟಿ ಹಾಕುವುದು, ತಪ್ಪನ್ನು ಮನಸ್ಸು ಮುರಿಯದಂತೆ ತಿದ್ದುವುದು, ಇಬ್ಬರ ಜಗಳ ಬಿಡಿಸುವುದು ಬೇರೆಯೇ ವಿದ್ಯೆ. ಮೊದಲ ಬಾರಿ ಮುಂದಾಳಾದವರಿಗಾಗಿ ಮೇರಿ ಸೀಕೋಲ್ ಹೆಸರಿನ ಆರು ತಿಂಗಳ ಕೋರ್ಸ್ ಇದೆ. ಒಳ್ಳೆಯ ಕೋರ್ಸ್, ಆದರೆ ಕಲಿತದ್ದನ್ನು ಬಳಸಲು ಸಮಯ ಬೇಕಲ್ಲ! ವಾರ್ಡಿನಲ್ಲಿ ಜನ ಸಾಲದಿದ್ದಾಗ ಮ್ಯಾನೇಜರ್‌ಗೂ ರೋಗಿಗಳನ್ನು ಹಂಚಿಬಿಡುತ್ತಾರೆ. ಪಟ್ಟಿಯ ಕೆಲಸ ಮನೆಗೆ ಹೋಗುತ್ತದೆ, ಹೊಸಬರ ಜೊತೆಗಿನ ಮಾತುಕತೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಇಂಗ್ಲೆಂಡಿನ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳು ಆರೈಕೆಯಿಲ್ಲದೆ ನರಳಿದ ದುರಂತದ ಬಗ್ಗೆ ತನಿಖೆ ನಡೆಸಿದ ವಕೀಲ ರಾಬರ್ಟ್ ಫ್ರಾನ್ಸಿಸ್ 2013ರಲ್ಲಿ ಕೊಟ್ಟ ವರದಿ, ವಾರ್ಡ್ ಮ್ಯಾನೇಜರ್ ಮೇಲ್ವಿಚಾರಣೆಗೇ ಇರಬೇಕು, ಕಚೇರಿಯಲ್ಲಿ ಕೂತಿರಬಾರದು ಎಂದು ಹೇಳಿತ್ತು. ನಮ್ಮ ಮಟ್ಟಿಗೆ ಉಳಿದೆಲ್ಲ ಸುಧಾರಣೆ ಇದರ ನಂತರ.

ಡ್ಯೂಟಿ ಪಟ್ಟಿ ಆರು ವಾರ ಮುಂಚೆ ಹೊರಬರಬೇಕು. ವಾರಕ್ಕೆ 37.5 ಗಂಟೆಯ ಕೆಲಸ, ಹೆಚ್ಚಿನ ಕಡೆ ಹನ್ನೆರಡು ಗಂಟೆಯ ಆಸುಪಾಸಿನ ಶಿಫ್ಟ್. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ, ಮಗುವನ್ನು ನೋಡಿಕೊಳ್ಳಲು ಅಜ್ಜಿ ಇಲ್ಲದ ಊರಲ್ಲಿ, ಕೊನೆ ಗಳಿಗೆಯ ಬದಲಾವಣೆ ಒಂದೇ ಸಾಕು ರಾಜೀನಾಮೆಗೆ. ರಜೆಯೂ ಹಾಗೆಯೇ. ಸೇರುವಾಗ ವರ್ಷಕ್ಕೆ 27 ದಿನ, ಜೊತೆಗೆ 8 ಸಾರ್ವಜನಿಕ ರಜೆ. ಊರಿಗೆ ಹೋಗುವವರಿಗೆ ನಾಲ್ಕು ವಾರ ಒಟ್ಟಿಗೆ ಬೇಕು. ಯಾರು ಯಾವಾಗ ಎಂಬ ನಿಯಮವನ್ನು ವರ್ಷದ ಆರಂಭದಲ್ಲೇ ಎಲ್ಲರೆದುರು ಗೊತ್ತು ಮಾಡಿದರೆ ಪಕ್ಷಪಾತದ ದೂರು ಹುಟ್ಟುವುದಿಲ್ಲ.

ರಾಜೀನಾಮೆ ಕೊಟ್ಟ ಮೇಲೆ ಕಾರಣ ಕೇಳಿ ಪ್ರಯೋಜನವಿಲ್ಲ. ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ, ವಾರ್ಡಿನ ಹೊರಗೆ ಕೂರಿಸಿ ಕೇಳಬೇಕು: ಇಲ್ಲಿ ಯಾವುದು ಕಷ್ಟ, ಏನು ಕಲಿಯುವ ಆಸೆ, ಬಿಟ್ಟುಹೋಗೋಣ ಅನ್ನಿಸಿದ್ದು ಯಾವಾಗ? ಕೇಳಿದ್ದರಲ್ಲಿ ಒಂದನ್ನಾದರೂ ಎರಡು ವಾರದೊಳಗೆ ಸರಿಪಡಿಸದಿದ್ದರೆ ಮುಂದಿನ ಸಲ "ಎಲ್ಲ ಚೆನ್ನಾಗಿದೆ" ಎಂಬ ಉತ್ತರವೇ ಸಿಗುತ್ತದೆ. ನಮ್ಮವರು ದೊಡ್ಡವರೆದುರು ಇಲ್ಲ ಅನ್ನುವುದು ಕಡಿಮೆ. ಆ ಮೌನವನ್ನು ತೃಪ್ತಿ ಎಂದು ತಿಳಿದ ಮ್ಯಾನೇಜರ್ ಮೋಸಹೋಗುತ್ತಾರೆ. ವೀಸಾ ಈ ಆಸ್ಪತ್ರೆಯ ಕೆಲಸಕ್ಕೆ ಅಂಟಿಕೊಂಡಿರುವುದರಿಂದ ಎಲ್ಲೂ ಹೋಗಲಾರರು ಎಂಬ ಲೆಕ್ಕವೂ ತಪ್ಪು. ಪಕ್ಕದ ಊರಿನ ಆಸ್ಪತ್ರೆಯೂ ಅವರ ವೀಸಾವನ್ನು ಸ್ಪಾನ್ಸರ್ ಮಾಡಬಲ್ಲದು.

ಎಲ್ಲಕ್ಕಿಂತ ನೋವು ಕೊಡುವುದು ಬ್ಯಾಂಡ್ 5ರಲ್ಲೇ ವರ್ಷಗಟ್ಟಲೆ ಉಳಿಯುವುದು. ಊರಲ್ಲಿ ಹತ್ತು ವರ್ಷ ಐಸಿಯು ನಡೆಸಿದವರೂ ಇಲ್ಲಿ ಬ್ಯಾಂಡ್ 5ರಿಂದಲೇ ಶುರು. ಬ್ಯಾಂಡ್ 6ರ ಅರ್ಜಿಯಲ್ಲಿ ಹುದ್ದೆಯ ಪ್ರತಿ ಅರ್ಹತೆಗೂ ಒಂದೊಂದು ಉದಾಹರಣೆ ಬರೆಯಬೇಕು. ನಮ್ಮವರು ತಾವೇ ಏನು ಮಾಡಿದರು ಎಂದು ಹೇಳದೆ, ವಿನಯದಿಂದ "ನಾವು ಮಾಡಿದೆವು" ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಶಿಫ್ಟಿನ ಉಸ್ತುವಾರಿ ಕೊಟ್ಟು, ಅರ್ಜಿ ತಿದ್ದಿ, ಒಂದೆರಡು ಅಭ್ಯಾಸ ಸಂದರ್ಶನ ಮಾಡಿಸುವ ಮ್ಯಾನೇಜರ್ ಇರುವ ವಾರ್ಡಿಗೆ ಗೆಳತಿಯರನ್ನೂ ಕರೆದು ಸೇರಿಸುತ್ತಾರೆ.

ಈಗ ಸಂದರ್ಶನಕ್ಕೆ ಕೂರುವವರು ಸಂಬಳದ ಜೊತೆ ಇವನ್ನೂ ಕೇಳಿ: ಪಟ್ಟಿ ಎಷ್ಟು ವಾರ ಮುಂಚೆ ಬರುತ್ತದೆ, ವಾರ್ಡ್ ಮ್ಯಾನೇಜರ್ ವಾರಕ್ಕೆ ಎಷ್ಟು ದಿನ ರೋಗಿಗಳ ಹೊಣೆಯಿಲ್ಲದೆ ಇರುತ್ತಾರೆ, ಹೊರದೇಶದಿಂದ ಬಂದವರಲ್ಲಿ ಎಷ್ಟು ಮಂದಿ ಬ್ಯಾಂಡ್ 6ಕ್ಕೆ ಏರಿದ್ದಾರೆ.