ಹೊಸ ಡಬ್ಬಿ, ಹಳೆಯ ಅಚ್ಚು: ಮಾಡೆಲ್ ಕಾರ್ ಕಿಟ್‌ಗಳಿಂದ ಟೂಲ್‌ರೂಮಿಗೆ ಒಂದು ಪಾಠ

ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ಭಾಗ ಮಾಡುವುದು) ಕೆಲಸಕ್ಕೆ ಹೊಸದಾಗಿ ಬಂದವರಿಗೆ ಟೂಲ್‌ರೂಮಿನಲ್ಲಿ, ಅಂದರೆ ಅಚ್ಚು ಮಾಡುವ, ರಿಪೇರಿ ಮಾಡುವ ವಿಭಾಗದಲ್ಲಿ, ಮೊದಲು ಹೇಳಿಕೊಡಬೇಕಾದ ಮಾತು ಇದು: ಅಚ್ಚನ್ನು ಒಮ್ಮೆ ಬದಲಿಸಿದರೆ ಅದರ ಹಿಂದಿನ ರೂಪ ಎಲ್ಲೂ ಉಳಿಯುವುದಿಲ್ಲ. ಡ್ರಾಯಿಂಗ್ ಇದ್ದರೂ ಅಚ್ಚು ಹೋಗಿರುತ್ತದೆ. ಇದು ಎಷ್ಟು ದುಬಾರಿ ಎಂದು ತಿಳಿಯಲು ಅಮೆರಿಕದ 1960ರ ದಶಕದ ಪ್ಲಾಸ್ಟಿಕ್ ಮಾಡೆಲ್ ಕಾರ್ ಕಿಟ್‌ಗಳನ್ನು ನೋಡಬೇಕು. ಅರವತ್ತು ವರ್ಷ ಹಳೆಯ ಅಚ್ಚುಗಳು ಇವತ್ತಿಗೂ ಮಷೀನಿನ ಮೇಲೆ ಓಡುವ ಉದ್ಯಮ ಅದು. ಅಚ್ಚಿಗೆ ಏನು ಮಾಡಿದರೆ ಬಾಳುತ್ತದೆ, ಏನು ಮಾಡಿದರೆ ಸಾಯುತ್ತದೆ ಎಂಬುದಕ್ಕೆ ಅಲ್ಲಿ ಕಣ್ಣೆದುರಿಗೇ ಸಾಕ್ಷಿ ಸಿಗುತ್ತದೆ.

ಮಿಶಿಗನ್‌ನ ಎಎಂಟಿ ಕಂಪನಿ 1948ರಲ್ಲಿ ಶುರುವಾದಾಗ ಅದರ ಕೆಲಸ ಕಾರ್ ಡೀಲರ್‌ಗಳಿಗೆ ಪುಟ್ಟ ಪ್ರಚಾರ ಮಾದರಿ ಮಾಡಿಕೊಡುವುದು. ಷೋರೂಮಿನಲ್ಲಿ ಕೊಡುತ್ತಿದ್ದ ಈ ಮಾದರಿಗಳಿಗೆ ಪ್ರೊಮೊ ಎಂದು ಹೆಸರು. ಡೆಟ್ರಾಯಿಟ್‌ನಲ್ಲಿ ಜಾನ್ ಹೇನ್ಲಿ ಕಟ್ಟಿದ ಜೋ-ಹ್ಯಾನ್ ಕೂಡ ಇದೇ ಕೆಲಸ ಮಾಡುತ್ತಿತ್ತು. ಮೊದಮೊದಲು ಈ ಪ್ರೊಮೊಗಳಿಗೆ ಅಸಿಟೇಟ್ ಪ್ಲಾಸ್ಟಿಕ್ ಬಳಸುತ್ತಿದ್ದರು. ಆ ಪ್ಲಾಸ್ಟಿಕ್ ವರ್ಷ ಕಳೆದಂತೆ ಕುಗ್ಗಿ ಸೊಟ್ಟಗಾಗುತ್ತದೆ. 1950ರ ದಶಕದ ಪ್ರೊಮೊ ಒಂದನ್ನು ಸಮತಟ್ಟಾದ ಗಾಜಿನ ಮೇಲಿಟ್ಟರೆ ಬಾಗಿರುವುದು ಗೊತ್ತಾಗುತ್ತದೆ. 1960ರ ದಶಕದ ಆರಂಭದಲ್ಲಿ ಪ್ರೊಮೊಗಳೂ ಪಾಲಿಸ್ಟೈರೀನ್‌ಗೆ ಬದಲಾದವು, ಸೊಟ್ಟಗಾಗುವ ತೊಂದರೆ ಬಹುಪಾಲು ತೀರಿತು.

ಪ್ರೊಮೊ ಅಚ್ಚು ಹೇಗೂ ಇದೆಯಲ್ಲ, ಅದನ್ನೇ ಬಿಡಿ ಭಾಗಗಳ ಕಿಟ್ ಮಾಡಿ ಮಾರಿದರೇನು ಎಂಬ ಲೆಕ್ಕದಲ್ಲಿ 1958ರಲ್ಲಿ ಎಎಂಟಿಯ ಒಂದರಲ್ಲಿ-ಮೂರು ಕಿಟ್‌ಗಳು ಬಂದವು. ಒಂದೇ ಡಬ್ಬಿಯ ಭಾಗಗಳಿಂದ ಕಾರನ್ನು ಕಂಪನಿಯಿಂದ ಬಂದ ಹಾಗೆಯೇ ಕಟ್ಟಬಹುದು, ಕಸ್ಟಮ್ ಮಾಡಬಹುದು, ಇಲ್ಲವೇ ರೇಸ್ ಕಾರ್ ಮಾಡಬಹುದು. ಅಳತೆ 1/25. ಮೂಲ ಮಾದರಿಯನ್ನು 1/10 ಅಳತೆಯಲ್ಲಿ ಕೆತ್ತಿ, ಪ್ಯಾಂಟೋಗ್ರಾಫ್‌ನಲ್ಲಿ (ಮಾದರಿಯ ಗೆರೆ ಹಿಂಬಾಲಿಸಿ ಸಣ್ಣ ಅಳತೆಯಲ್ಲಿ ಕೊರೆಯುವ ಯಂತ್ರ) ಎರಡೂವರೆ ಪಟ್ಟು ಇಳಿಸಿ ಅಚ್ಚು ಕೊರೆಯುತ್ತಿದ್ದರು. ದೊಡ್ಡ ಮಾದರಿಯಲ್ಲಿದ್ದ ಕೈತಪ್ಪು ಅಚ್ಚಿಗೆ ಇಳಿಯುವಾಗ ಅಷ್ಟೇ ಪಟ್ಟು ಸಣ್ಣದಾಗುತ್ತದೆ. ಅಷ್ಟು ಹಳೆಯ ಬಾಡಿಯ ಗೆರೆಗಳು ಇವತ್ತಿಗೂ ಚೂಪಾಗಿ ಕಾಣಲು ಇದೊಂದು ಕಾರಣ.

ಇಲ್ಲೇ ಎಡವಟ್ಟು ಶುರುವಾಗಿದ್ದು. ಕಾರ್ ಕಂಪನಿಗಳು ವರ್ಷಕ್ಕೊಮ್ಮೆ ಗ್ರಿಲ್, ಬಂಪರ್, ದೀಪ ಬದಲಿಸುತ್ತಿದ್ದವು. ಕಿಟ್ ಕಂಪನಿಗಳೂ ಅದೇ ಅಚ್ಚನ್ನು ಕೆಲವೆಡೆ ಕೊರೆದು, ಕೆಲವೆಡೆ ಲೋಹ ತುಂಬಿ ಮುಂದಿನ ವರ್ಷದ ಕಾರ್ ಮಾಡಿಬಿಡುತ್ತಿದ್ದವು. ಆ ವರ್ಷದ ವ್ಯಾಪಾರಕ್ಕೆ ಇದು ಸರಿಯಾದ ಲೆಕ್ಕವೇ, ಹಳೆಯ ಕಾರಿನ ಕಿಟ್ ಅಂದು ಯಾರಿಗೂ ಬೇಕಿರಲಿಲ್ಲ. ಆದರೆ ಹೀಗೆ ವರ್ಷಾವರ್ಷ ಬದಲಾದ ಕಿಟ್‌ಗಳ ಮೊದಲ ರೂಪಗಳೆಲ್ಲ ಅಳಿಸಿಹೋದವು. 1970ರ ದಶಕದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಎಎಂಟಿಯ ಮಾಡಿಫೈಡ್ ಸ್ಟಾಕರ್ ಸರಣಿಗಾಗಿ 1965ರ ಫೇರ್‌ಲೇನ್, ಶೆವೆಲ್ ಮುಂತಾದ ಬಾಡಿಗಳ ಚಕ್ರದ ಕಮಾನನ್ನು ರೇಸ್ ಕಾರಿನಂತೆ ಅಗಲ ಮಾಡಿದರು.

ಚಕ್ರದ ಕಮಾನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಾಡಿಯಲ್ಲಿ ಕಮಾನು ಎಂದರೆ ತೂತು. ಅಚ್ಚಿನಲ್ಲಿ ಪಕ್ಕದ ಸ್ಲೈಡ್ (ಬದಿಗೆ ಸರಿಯುವ ಹೋಳು) ಬಂದು ಕೋರ್‌ಗೆ (ಬಾಡಿಯ ಒಳಮೈ ರೂಪಿಸುವ ಹೋಳು) ತಾಗಿ ಕೂರುವ ಜಾಗ ಅದು. ಪ್ಲಾಸ್ಟಿಕ್‌ನಲ್ಲಿ ತೂತು ದೊಡ್ಡದಾಗಿದೆ ಎಂದರೆ ಅಚ್ಚಿನಲ್ಲಿ ಲೋಹ ಹೆಚ್ಚಾಗಿದೆ ಎಂದರ್ಥ. ಆ ಲೋಹ ಬೆಸೆದದ್ದಾದರೆ, ಕಮಾನಿನ ಅಂಚಿನಲ್ಲಿದ್ದ ಅರ್ಧ ಮಿಲಿಮೀಟರ್ ಮಡಿಕೆಯ ಗೆರೆ ಬೆಸುಗೆಯ ಕೆಳಗೆ ಹೂತುಹೋಗಿದೆ. ಬೆಸುಗೆಯನ್ನು ಕೊರೆದು ತೆಗೆದರೂ ಕೆಳಗೆ ಸಿಗುವುದು ಕರಗಿ ಹದಗೆಟ್ಟ ಲೋಹ. ಲೋಹವನ್ನು ಇನ್ಸರ್ಟ್ ಆಗಿ, ಅಂದರೆ ಬಿಚ್ಚಿ ತೆಗೆಯಬಹುದಾದ ಬೇರೆ ತುಂಡಾಗಿ ಕೂರಿಸಿದ್ದರೆ ಎರಡು ಸ್ಕ್ರೂ ಬಿಚ್ಚಿ ಹಳೆಯ ತುಂಡು ಹಾಕಿದ್ದರೆ ಸಾಕಿತ್ತು. ಹಾಗಾಗಿ ಗ್ರಾಹಕ ಈ ಮಾಡೆಲ್ ಇನ್ನು ಬೇಡ ಎಂದರೂ ಬೆಸುಗೆ ಹಾಕುವ ಮುನ್ನ ಇನ್ಸರ್ಟ್ ಸಾಧ್ಯವೇ ನೋಡಿ. ಸಾಧ್ಯವಾದರೆ ತೆಗೆದ ತುಂಡಿಗೆ ನಂಬರ್ ಪಂಚ್ ಮಾಡಿ ಎಣ್ಣೆ ಹಚ್ಚಿ ಇಡಿ.

ಉಳಿದುಕೊಂಡ ಅಚ್ಚುಗಳು ಯಾವುವು ಎಂದು ನೋಡಿದರೂ ಇದೇ ಗೊತ್ತಾಗುತ್ತದೆ. ಎಎಂಟಿಯ 1932, 1936, 1940, 1949ರ ಫೋರ್ಡ್‌ಗಳು, 1957ರ ಶೆವರ್ಲೆ ಮತ್ತೆ ಮತ್ತೆ ಮಾರುಕಟ್ಟೆಗೆ ಬರುತ್ತಲೇ ಇವೆ. ಕಿಟ್ ಮಾಡುವ ಹೊತ್ತಿಗೇ ಅವು ಹಳೆಯ ಕಾರುಗಳು. ಮುಂದಿನ ವರ್ಷದ ಮಾಡೆಲ್ ಎಂಬುದೇ ಇರಲಿಲ್ಲ, ಅಚ್ಚಿಗೆ ಕೈ ಹಾಕುವ ಕಾರಣವೂ ಇರಲಿಲ್ಲ. ರೆವೆಲ್ ಕಂಪನಿ 1962ರಲ್ಲಿ ತಂದ ಕಸ್ಟಮ್ ಕಾರ್ ಕಟ್ಟುತ್ತಿದ್ದ ಎಡ್ ರಾತ್ ಅವರ ಔಟ್‌ಲಾ, ಮರುವರ್ಷದ ಬೀಟ್ನಿಕ್ ಬ್ಯಾಂಡಿಟ್ ಕಥೆಯೂ ಹೀಗೆಯೇ. ಜಗತ್ತಿನಲ್ಲಿ ಒಂದೇ ಒಂದು ಇದ್ದ ಷೋ ಕಾರಿಗೆ ಹೊಸ ವರ್ಷದ ಗ್ರಿಲ್ ಎಲ್ಲಿಂದ ಬರಬೇಕು?

ಅಚ್ಚುಗಳ ಒಡೆತನ ಕೈಯಿಂದ ಕೈಗೆ ಹೋಗಿದ್ದರಿಂದ ಡಬ್ಬಿಯ ಮೇಲಿನ ಹೆಸರು ನಂಬುವಂತಿಲ್ಲ. ಎಎಂಟಿಯನ್ನು 1978ರಲ್ಲಿ ಮ್ಯಾಚ್‌ಬಾಕ್ಸ್ ಆಟಿಕೆ ಕಾರುಗಳ ಕಂಪನಿ ಲೆಸ್ನಿ ಕೊಂಡಿತು, 1980ರ ದಶಕದ ಆರಂಭದಲ್ಲಿ ಅದು ಅಯೋವಾದ ಆಟಿಕೆ ಕಂಪನಿ ಅರ್ಟಲ್ ಪಾಲಾಯಿತು. ಅದೇ ದಶಕದ ನಡುವೆ ಇನ್ನೊಂದು ಕಿಟ್ ಕಂಪನಿ ಎಂಪಿಸಿಯೂ ಅರ್ಟಲ್‌ಗೆ ಬಂತು. ಆಮೇಲೆ ಎಂಪಿಸಿ ಅಚ್ಚಿನ ಎಷ್ಟೋ ಕಿಟ್‌ಗಳು ಎಎಂಟಿ ಹೆಸರಿನಲ್ಲೇ ಮಾರಾಟವಾದವು. ಈಗ ಎರಡೂ ಇಂಡಿಯಾನಾದ ರೌಂಡ್ 2 ಕಂಪನಿಯ ಬಳಿ ಇವೆ. ಆ ಕಡೆ ಮೊನೊಗ್ರಾಮ್ ಎಂಬ ಕಿಟ್ ಕಂಪನಿ 1977ರಲ್ಲಿ ಅರೋರಾ ಕಂಪನಿಯ ಅಚ್ಚುಗಳನ್ನು ಕೊಂಡಿತು, 1986ರಲ್ಲಿ ರೆವೆಲ್ ಜೊತೆ ಸೇರಿತು. ಒಡೆಯ ಕಂಪನಿ ಹಾಬಿಕೋ 2018ರಲ್ಲಿ ದಿವಾಳಿಯಾದಾಗ ರೆವೆಲ್ ಜರ್ಮನಿಯ ಹೂಡಿಕೆದಾರರ ಕೈಗೆ ಹೋಯಿತು, ಹಳೆಯ ಅಚ್ಚುಗಳಲ್ಲಿ ಒಂದು ದೊಡ್ಡ ಪಾಲನ್ನು ಅಟ್ಲಾಂಟಿಸ್ ಎಂಬ ಕಿಟ್ ಕಂಪನಿ ಕೊಂಡಿತು. ಪ್ರತಿ ಸಾಗಾಟದಲ್ಲೂ ಅಚ್ಚಿನ ಜೊತೆ ಹೋಗಬೇಕಾದ ಇನ್ಸರ್ಟ್, ಡ್ರಾಯಿಂಗ್, ಹಿಸ್ಟರಿ ಕಾರ್ಡ್ ಬೇರೆಯಾಗುವ ಅಪಾಯ ಇದ್ದೇ ಇರುತ್ತದೆ. ಇನ್ಸರ್ಟ್ ಕಳೆದರೆ ಆ ರೂಪವೂ ಕಳೆಯಿತು.

ವರ್ಷಗಟ್ಟಲೆ ಷೆಲ್ಫಿನಲ್ಲಿದ್ದ ಅಚ್ಚನ್ನು ಮತ್ತೆ ಓಡಿಸುವಾಗ ನೇರ ಮಷೀನಿಗೆ ಏರಿಸಬೇಡಿ. ಮೊದಲು ಬೆಂಚಿನ ಮೇಲೆ ಬಿಚ್ಚಿ, ಗಟ್ಟಿಯಾದ ಗ್ರೀಸ್ ಮತ್ತು ತುಕ್ಕುನಿರೋಧಕವನ್ನು ಸಾಲ್ವೆಂಟ್‌ನಿಂದ ತೊಳೆಯಿರಿ. ಕ್ಯಾವಿಟಿಯಲ್ಲಿ (ಪ್ಲಾಸ್ಟಿಕ್ ತುಂಬುವ ಗುಳಿ) ಅಂಟಿಕೊಂಡದ್ದನ್ನು ಕೀಳಲು ಹಿತ್ತಾಳೆ ಕಡ್ಡಿ ಬಳಸಿ, ಸ್ಕ್ರೂಡ್ರೈವರ್ ಮುಟ್ಟಿಸಬೇಡಿ. ಗಾಜಿನ ಭಾಗದ ಕ್ಯಾವಿಟಿಗೆ ಡೈಮಂಡ್ ಪೇಸ್ಟ್ ಹೊರತು ಬೇರೇನೂ ಬೇಡ, ಅಲ್ಲಿನ ಒಂದು ಗೀರು ಪ್ರತಿ ವಿಂಡ್‌ಶೀಲ್ಡ್‌ನಲ್ಲೂ ಕಾಣುತ್ತದೆ. ಆ ಕಾಲದ ಅನೇಕ ಅಚ್ಚುಗಳಲ್ಲಿ ಕ್ಯಾವಿಟಿ ಬೆರಿಲಿಯಂ ತಾಮ್ರದ್ದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಬಣ್ಣ ತಾಮ್ರದಂತೆ ಕಂಡರೆ ಒಣ ಎಮರಿ, ಒಣ ಗ್ರೈಂಡಿಂಗ್ ಕೂಡದು. ಒದ್ದೆಯಾಗಿಯೇ ಕೆಲಸ ಮಾಡಿ, ಧೂಳು ಎಳೆಯುವ ಎಕ್ಸಾಸ್ಟ್ ಇರಲೇಬೇಕು, ಉಜ್ಜಿದ ಬಟ್ಟೆಯನ್ನು ಒಣಗಲು ಬಿಡದೆ ಮುಚ್ಚಿದ ಡಬ್ಬಿಗೆ ಹಾಕಿ. ಇದರಲ್ಲಿ ರಿಯಾಯಿತಿ ಇಲ್ಲ.

ಆಮೇಲೆ ನೀರಿನ ದಾರಿ. ಕಟ್ಟಿಕೊಂಡ ಸುಣ್ಣವನ್ನು ತೆಗೆದು ಪ್ರೆಷರ್ ಹಾಕಿ ಸೋರಿಕೆ ನೋಡಿ. ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿ ಉಳಿದರೆ ಉದ್ದನೆಯ ಬಾಡಿ ಬಾಗದೆ ಇರದು. ನಂತರ ಪಾರ್ಟಿಂಗ್ ಮುಖಗಳಿಗೆ, ಅಂದರೆ ಅಚ್ಚಿನ ಹೋಳುಗಳು ಕೂಡುವ ಮೈಗಳಿಗೆ, ಬ್ಲೂ ಮ್ಯಾಚಿಂಗ್ (ನೀಲಿ ಬಣ್ಣ ಹಚ್ಚಿ ಎಲ್ಲೆಲ್ಲಿ ತಾಗುತ್ತದೆ ಎಂದು ನೋಡುವುದು). ಕಾರ್ ಬಾಡಿಯ ಅಚ್ಚು ಸಾದಾ ಎರಡು ಹೋಳಿನದಲ್ಲ. ಮುಂದೆ, ಹಿಂದೆ, ಎಡ, ಬಲ ಸ್ಲೈಡ್‌ಗಳು, ಮೇಲೆ ರೂಫ್, ಒಳಗೆ ಕೋರ್. ಸ್ಲೈಡ್‌ಗಳು ಸೇರುವ ಗೆರೆ ಫೆಂಡರ್‌ನ ಮೇಲಂಚಿನಲ್ಲಿ ಹಾದು ಹಿಂಬದಿಯ ಕಂಬದಿಂದ ರೂಫಿಗೆ ಏರುತ್ತದೆ. ಸ್ಲೈಡ್ ಸವೆದಷ್ಟೂ ಆ ಗೆರೆ ಏಣಿನಂತೆ ಎದ್ದು ನಿಲ್ಲುತ್ತದೆ.

ಫ್ಲ್ಯಾಶ್ (ಅಚ್ಚಿನ ಸಂದಿಯಿಂದ ಹೊರಚೆಲ್ಲಿದ ತೆಳು ಪ್ಲಾಸ್ಟಿಕ್) ಬಂದ ಕೂಡಲೇ ಟನೇಜ್ (ಅಚ್ಚನ್ನು ಮುಚ್ಚಿ ಹಿಡಿಯುವ ಕ್ಲ್ಯಾಂಪ್ ಬಲ) ಏರಿಸುವುದು ಬಹಳ ಕಡೆ ಕಾಣುವ ತಪ್ಪು. ಪಾಲಿಸ್ಟೈರೀನ್‌ಗೆ ಚದರ ಸೆಂ.ಮೀ.ಗೆ ಸುಮಾರು 0.3ರಿಂದ 0.45 ಟನ್ ಕ್ಲ್ಯಾಂಪ್ ಸಾಕು. ರನ್ನರ್ (ಭಾಗಗಳಿಗೆ ಪ್ಲಾಸ್ಟಿಕ್ ಹರಿದು ಬರುವ ಕಾಲುವೆ) ಸೇರಿ 300 ಚ.ಸೆಂ.ಮೀ. ಹರವು ಇದ್ದರೆ 90ರಿಂದ 135 ಟನ್. ಅದಕ್ಕಿಂತ ಹೆಚ್ಚು ಒತ್ತಿದರೆ ಮೆತ್ತಗಿನ ತಾಮ್ರದ ಅಂಚು ನಜ್ಜಾಗಿ ನಾಳೆ ಫ್ಲ್ಯಾಶ್ ಇನ್ನೂ ದಪ್ಪ ಬರುತ್ತದೆ. ಮೊದಲ ಶಾಟ್‌ಗಳನ್ನು (ಶಾಟ್ ಎಂದರೆ ಅಚ್ಚಿಗೆ ಒಂದು ಸಲ ಪ್ಲಾಸ್ಟಿಕ್ ತುಂಬುವುದು) 60–70 ಶೇಕಡಾ ಮಾತ್ರ ತುಂಬಿಸಿ, ಪ್ಲಾಸ್ಟಿಕ್ ಯಾವ ಕಡೆ ಮೊದಲು ಹರಿಯುತ್ತದೆ ನೋಡಿ, ಹಂತಹಂತವಾಗಿ ಏರಿಸಿ. ಬ್ಯಾರೆಲ್ (ಮಷೀನಿನಲ್ಲಿ ಪ್ಲಾಸ್ಟಿಕ್ ಕರಗುವ ಕೊಳವೆ) 200–220 ಡಿಗ್ರಿ ಸೆಲ್ಸಿಯಸ್, ಅಚ್ಚು 40ರ ಆಸುಪಾಸು ಇಟ್ಟು ಆರಂಭಿಸಿದರೆ ಸರಿ. ಮೂಲೆ ತುಂಬದಿದ್ದರೆ ಒತ್ತಡ ಹೆಚ್ಚಿಸುವ ಮೊದಲು ಗಾಳಿ ಹೋಗುವ ವೆಂಟ್ ಕಟ್ಟಿದೆಯೇ ನೋಡಿ. ವೆಂಟ್ 0.02–0.03 ಮಿ.ಮೀ. ಆಳ ಇದ್ದರೆ ಗಾಳಿ ಹೋಗುತ್ತದೆ, ಪ್ಲಾಸ್ಟಿಕ್ ಹೋಗುವುದಿಲ್ಲ. ಎಜೆಕ್ಟರ್ ಪಿನ್ (ಭಾಗವನ್ನು ಅಚ್ಚಿನಿಂದ ಹೊರತಳ್ಳುವ ಕಡ್ಡಿ) ಸುತ್ತ ಉಂಗುರದಂತೆ ಫ್ಲ್ಯಾಶ್ ಬಂದರೆ ತೂತು ಸವೆದಿದೆ. ತೂತನ್ನು ರೀಮ್ ಮಾಡಿ (ನಯವಾಗಿ ಹಿಗ್ಗಿಸಿ) ಒಂದು ಸೈಜ್ ದಪ್ಪ ಪಿನ್ ಹಾಕುವುದೇ ದಾರಿ.

ಅಳಿಸಿಹೋದ ಬಾಡಿಗಳನ್ನು ಈಚಿನ ವರ್ಷಗಳಲ್ಲಿ ಉಳಿದಿರುವ ಹಳೆಯ ಕಿಟ್ ನೋಡಿ ಹೊಸ ಅಚ್ಚು ಕೊರೆದು ಮರಳಿ ತರುತ್ತಿದ್ದಾರೆ. ಸ್ಯಾಂಪಲ್ ನೋಡಿ ಅಚ್ಚು ಮಾಡುವ ಕೆಲಸ ಇಲ್ಲಿನ ಟೂಲ್‌ರೂಮುಗಳಿಗೂ ದಿನನಿತ್ಯದ್ದೇ, ಹಾಗಾಗಿ ಈ ಲೆಕ್ಕ ನೆನಪಿರಲಿ. 5.3 ಮೀಟರ್ ಉದ್ದದ ಕಾರು 1/25ರಲ್ಲಿ 212 ಮಿ.ಮೀ. ಪಾಲಿಸ್ಟೈರೀನ್ ಅರ್ಧ ಶೇಕಡಾ ಕುಗ್ಗುತ್ತದೆ ಎಂದಿಟ್ಟುಕೊಂಡರೆ ಕ್ಯಾವಿಟಿ ಸುಮಾರು 213.1 ಮಿ.ಮೀ. ಇರಬೇಕು. ಸ್ಯಾಂಪಲ್ ಈಗಾಗಲೇ ಒಮ್ಮೆ ಕುಗ್ಗಿರುವ ತುಂಡು. ಅದರ ಸ್ಕ್ಯಾನ್ ಅನ್ನು ಹಾಗೆಯೇ ಕೊರೆದರೆ ಮುಂದಿನ ಬಾಡಿ 210.9ಕ್ಕೆ ಇಳಿಯುತ್ತದೆ. ಒಂದು ಮಿಲಿಮೀಟರ್ ಅಷ್ಟೇ ಎನಿಸಬಹುದು, ಆದರೆ ಹಳೆಯ ಚಾಸಿ ಕೂರುವುದಿಲ್ಲ, ವಿಂಡ್‌ಶೀಲ್ಡ್ ಮೂಲೆ ಎದ್ದು ನಿಲ್ಲುತ್ತದೆ. ಸ್ಯಾಂಪಲ್ ಸೊಟ್ಟಗಿದ್ದರೆ ಆ ಸೊಟ್ಟವೂ ಸ್ಕ್ಯಾನಿನಲ್ಲಿ ಬರುತ್ತದೆ. ಎಡ ಬಲ ಎರಡೂ ಅಳೆದು, ಒಳ್ಳೆಯ ಅರ್ಧವನ್ನು ಮಿರರ್ ಮಾಡುವುದು ಕ್ಷೇಮ.

ಪ್ಯಾಕಿಂಗ್ ವಿಭಾಗಕ್ಕೂ ಒಂದು ಮಾತು. ಹಳೆಯ ಡಬ್ಬಿ ತೆರೆದಾಗ ವಿಂಡ್‌ಶೀಲ್ಡ್ ಮೇಲೆ ಟಯರಿನ ಅಚ್ಚೊತ್ತಿ ಪ್ಲಾಸ್ಟಿಕ್ ಕರಗಿರುವುದು ಕಾಣುತ್ತದೆ. ಟಯರ್ ಮೆತ್ತಗಿನ ಪಿವಿಸಿ. ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ನಿಧಾನಕ್ಕೆ ಹೊರಬಂದು ತಾಗಿದ ಪಾಲಿಸ್ಟೈರೀನನ್ನು ತಿನ್ನುತ್ತದೆ. ಮೆತ್ತಗಿನ ಪಿವಿಸಿ ಯಾವುದೇ ಇರಲಿ, ಪಾಲಿಥೀನ್ ಚೀಲದಲ್ಲಿ ಬೇರೆಯಾಗಿ ಹಾಕಿ. ಕ್ರೋಮ್ ಭಾಗಗಳಿಗೂ ಪ್ರತ್ಯೇಕ ಚೀಲ ಬೇಕು. ಅವು ಲ್ಯಾಕರ್ ಪದರದ ಮೇಲೆ ನಿರ್ವಾತದಲ್ಲಿ ಕೂರಿಸಿದ ತೆಳು ಅಲ್ಯೂಮಿನಿಯಂ, ಸಾಗಾಟದಲ್ಲಿ ಉಜ್ಜಿದರೆ ಹೋಗುತ್ತದೆ.

ಓಟ ಮುಗಿದ ಮೇಲೆ ಕೊನೆಯ ಶಾಟನ್ನು ರನ್ನರ್ ಸಮೇತ, ಗೇಟ್ (ರನ್ನರ್ ಭಾಗಕ್ಕೆ ಸೇರುವ ಜಾಗ) ಕತ್ತರಿಸದೆ ತೆಗೆದಿಡಿ. ಅದರ ಮೇಲೆ ತಾರೀಕು, ಹಾಕಿದ್ದ ಇನ್ಸರ್ಟ್ ನಂಬರ್, ಟನೇಜ್, ಬ್ಯಾರೆಲ್ ತಾಪ ಬರೆದ ಚೀಟಿ ಕಟ್ಟಿ. ನೀರಿನ ದಾರಿಯನ್ನು ಗಾಳಿ ಊದಿ ಒಣಗಿಸಿ, ಕ್ಯಾವಿಟಿಗೆ ತುಕ್ಕುನಿರೋಧಕ ಹೊಡೆದು ಅಚ್ಚು ಮುಚ್ಚಿ, ತೆಗೆದಿಟ್ಟ ಇನ್ಸರ್ಟ್‌ಗಳ ಪೆಟ್ಟಿಗೆಯನ್ನು ಅಚ್ಚಿನ ಬೇಸ್ ಪ್ಲೇಟಿಗೇ ಬೋಲ್ಟ್ ಮಾಡಿ. ಬೇರೆ ಕಪಾಟಿನಲ್ಲಿಟ್ಟರೆ ಅಚ್ಚು ಸಾಗಿಸುವ ದಿನ ಅದು ಹಿಂದೆ ಉಳಿಯುತ್ತದೆ.