ಅವ್ವನ ಪೆಟ್ಟಿಗೆಯನ್ನು ಗುರುತು ಹಿಡಿಸಿದ ನೂಲ್‌ಪುಟ್ಟಿನ ಒರಳು

ವಿಮಾನದಲ್ಲಿ ಹೋದ ಪೆಟ್ಟಿಗೆ ಕಳೆದರೆ ಅದಕ್ಕೆ ಕಟ್ಟಿದ ಚೀಟಿಯಿಂದ ಮಾತ್ರ ಸಿಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ನಮ್ಮ ಅವ್ವನ ಪೆಟ್ಟಿಗೆಯ ಚೀಟಿ ದಾರಿಯಲ್ಲೇ ಹರಿದುಹೋಗಿತ್ತು. ಆದರೂ ಸಿಕ್ಕಿತು. ನಮ್ಮ ಕೊಡಗಿನ ನಾಪೋಕ್ಲು ಕಡೆಯಿಂದ ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೋಗುವ ಅವ್ವಂದಿರು ಈಗ ಬೇಕಾದಷ್ಟಿದ್ದಾರೆ, ಅವರ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಇರುವುದು ಜರ್ಮನಿಯಲ್ಲಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನದ ಟಿಕೆಟ್ ದುಬಾರಿಯಾಯಿತೆಂದು ನಡುವೆ ಒಂದು ಕಡೆ ಬದಲಿಸುವ ಟಿಕೆಟ್ ಮಾಡಿಸಿದ್ದೆವು. ಎರಡು ಸೂಟ್‌ಕೇಸ್. ಒಂದರಲ್ಲಿ ಅವ್ವನ ಬಟ್ಟೆಬರೆ. ಇನ್ನೊಂದು ಪೂರ್ತಿ ಅಕ್ಕನಿಗೂ ಮಗುವಿಗೂ: ಅಜ್ಜಿಯ ಹಳೆಯ ಹತ್ತಿ ಸೀರೆ ಹರಿದು ಒಗೆದು ಮಡಿಸಿಟ್ಟ ಮೆತ್ತನೆ ಬಟ್ಟೆಗಳು, ಬಾಣಂತಿ ಮದ್ದಿನ ಪುಡಿ, ಓಮ, ಒಣಶುಂಠಿ, ನಮ್ಮದೇ ತೋಟದ ಕಾಳುಮೆಣಸು, ಕಡಂಬುಟ್ಟಿನ ಉಂಡೆಗೆ ಅಕ್ಕಿತರಿ, ಜೇನು, ನೂಲ್‌ಪುಟ್ಟು ಎಂಬ ಅಕ್ಕಿ ಶ್ಯಾವಿಗೆ ಒತ್ತುವ ಹಿತ್ತಾಳೆ ಒರಳು, ಮತ್ತೆ ಕಾಚಂಪುಳಿ. ಮಳೆಗಾಲದಲ್ಲಿ ಮರದಡಿ ಬಿದ್ದ ಹಣ್ಣು ಆರಿಸಿ, ರಸ ಇಳಿಸಿ, ಒಲೆಯ ಮೇಲೆ ಕಪ್ಪಗೆ ಗಟ್ಟಿಯಾಗುವ ತನಕ ಅವ್ವನೇ ಕುದಿಸಿದ್ದು. ತುಪ್ಪವನ್ನೂ ಹಂದಿ ಉಪ್ಪಿನಕಾಯಿಯನ್ನೂ ನಾನೇ ಹೊರಗೆ ತೆಗೆದಿಟ್ಟೆ. ಹೊರಗಿನಿಂದ ಬರುವವರು ಮಾಂಸವನ್ನಾಗಲಿ ಹಾಲಿನ ಪದಾರ್ಥಗಳನ್ನಾಗಲಿ ಐರೋಪ್ಯ ಒಕ್ಕೂಟದ ದೇಶಗಳೊಳಗೆ ಒಯ್ಯುವಂತಿಲ್ಲ. ಜೇನು ಎರಡು ಕಿಲೋ ತನಕ ಆಗುತ್ತದೆ. ಅವ್ವನಿಗೆ ಉಪ್ಪಿನಕಾಯಿ ಬಿಟ್ಟದ್ದು ಬೇಸರವೇ ಆಯಿತು.

ಮುಚ್ಚಳ ಹಾಕುವ ಮೊದಲು ತೆರೆದ ಪೆಟ್ಟಿಗೆಯ ಫೋಟೊ ತೆಗೆದುಕೊಂಡೆ. ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲೂ ಜರ್ಮನ್‌ನಲ್ಲೂ ಬರೆದುಕೊಟ್ಟೆ: ನನ್ನ ಲಗೇಜು ಬಂದಿಲ್ಲ, ದಯವಿಟ್ಟು ದೂರು ಬರೆದುಕೊಳ್ಳಿ, ಇದು ನನ್ನ ಮಗಳ ನಂಬರು. ಜರ್ಮನ್ ಸಾಲನ್ನು ಅಕ್ಕ ವಾಟ್ಸಾಪಿನಲ್ಲಿ ಕಳಿಸಿದ್ದಳು.

ನಡುವಿನ ನಿಲ್ದಾಣಕ್ಕೆ ವಿಮಾನ ತಡವಾಗಿ ಇಳಿಯಿತು. ವೀಲ್‌ಚೇರ್ ತಳ್ಳುವ ಹುಡುಗ ಅವ್ವನನ್ನು ಓಡಿಸಿಕೊಂಡು ಹೋಗಿ ಮುಂದಿನ ವಿಮಾನಕ್ಕೆ ಹತ್ತಿಸಿದ. ಪೆಟ್ಟಿಗೆಗೆ ಆ ಭಾಗ್ಯ ಇಲ್ಲ. ಒಂದು ವಿಮಾನದ ಹೊಟ್ಟೆಯಿಂದ ಇಳಿದು, ಬೆಲ್ಟಿನ ಮೇಲೆ ಸಾಗಿ, ಚೀಟಿಯ ಬಾರ್‌ಕೋಡ್ ಓದಿಸಿಕೊಂಡು, ಮತ್ತೊಂದು ಗಾಡಿ ಸೇರಿ ಇನ್ನೊಂದು ವಿಮಾನಕ್ಕೆ ಹೋಗಬೇಕು. ಇದರಲ್ಲಿ ಒಂದು ಕಡೆ ತಪ್ಪಿದರೂ ಅಲ್ಲೇ ಉಳಿಯಿತು. ವಿಮಾನಯಾನಕ್ಕೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಸಿಟಾ ಸಂಸ್ಥೆ ವರ್ಷವರ್ಷ ಹೊರತರುವ ವರದಿಗಳಲ್ಲೂ ತಡವಾಗುವ ಲಗೇಜಿನ ದೊಡ್ಡ ಪಾಲು ವಿಮಾನ ಬದಲಿಸುವ ಜಾಗದ್ದೇ.

ಫ್ರಾಂಕ್‌ಫರ್ಟಿನಲ್ಲಿ ಬಟ್ಟೆಯ ಪೆಟ್ಟಿಗೆ ಬಂತು, ಇನ್ನೊಂದು ಬರಲಿಲ್ಲ. ಬೆಲ್ಟು ನಿಂತಿತು. ವೀಲ್‌ಚೇರಿನವರು ಹೊರಗೆ ಕರೆದೊಯ್ಯಲು ನೋಡಿದರೆ ಅವ್ವ ಕೈಯಾಡಿಸಿ ಬೇಡವೆಂದರಂತೆ. ಹಾಳೆ ತೋರಿಸಿದರು, ಬೋರ್ಡಿಂಗ್ ಪಾಸಿಗೆ ಅಂಟಿಸಿದ್ದ ಲಗೇಜ್ ಸ್ಟಿಕ್ಕರ್ ತೋರಿಸಿದರು. ಏಳನೇ ಕ್ಲಾಸಿನ ತನಕ ಓದಿದ ನಮ್ಮ ಅವ್ವ ಅಲ್ಲಿ ಪಟ್ಟು ಹಿಡಿದು ಕೂತದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು. ಆ ಸ್ಟಿಕ್ಕರಿನ ಹತ್ತು ಅಂಕಿಯೇ ಪೆಟ್ಟಿಗೆಯ ನಂಬರು. ಅದನ್ನು ನೋಡಿ ಕೌಂಟರಿನವರು ಪಿಐಆರ್ ಎಂಬ ದೂರಿನ ಪತ್ರ ಮಾಡಿಕೊಟ್ಟರು. ಅದರ ಮೇಲೂ ಹತ್ತು ಅಕ್ಷರದ ಒಂದು ಗುರುತು ಇರುತ್ತದೆ: ನಿಲ್ದಾಣಕ್ಕೆ ಮೂರು, ವಿಮಾನ ಕಂಪನಿಗೆ ಎರಡು, ಕೊನೆಗೆ ಐದು ಅಂಕಿ. ಹೊರಗೆ ಕಾಯುತ್ತಿರುವವರನ್ನು ನೋಡುವ ಆಸೆಗೆ ಈ ಪತ್ರವಿಲ್ಲದೆ ಹೊರಬಿದ್ದರೆ, ಪೆಟ್ಟಿಗೆ ಬರಲೇ ಇಲ್ಲ ಎಂದು ಆಮೇಲೆ ತೋರಿಸಿಕೊಡುವುದು ಬಲು ಕಷ್ಟ.

ಇಷ್ಟಾದರೂ ಪತ್ರದಲ್ಲಿ ಇದ್ದ ವಿವರ ಕಪ್ಪು ಸೂಟ್‌ಕೇಸ್ ಎಂದಷ್ಟೆ. ಜಗತ್ತಿನ ಅರ್ಧ ಸೂಟ್‌ಕೇಸ್‌ಗಳು ಕಪ್ಪು. ಕಂಪನಿಗೆ ಫೋನ್ ಮಾಡಿದಾಗಲೆಲ್ಲ ಹುಡುಕುತ್ತಿದ್ದೇವೆ ಎಂಬ ಒಂದೇ ಉತ್ತರ. ಅಕ್ಕ ತುಂಬು ಗರ್ಭಿಣಿ, ಅವಳನ್ನು ಫೋನ್ ಹಿಡಿದು ಕೂರಿಸುವುದು ನನಗೆ ಸರಿಕಾಣಲಿಲ್ಲ. ಕರೆಂಟು ಇದ್ದಾಗ, ನೆಟ್‌ವರ್ಕ್ ಸಿಕ್ಕಾಗ ಇಲ್ಲಿಂದಲೇ ನಾನು ಬೆನ್ನು ಹತ್ತಿದೆ. ವಿಮಾನ ಕಂಪನಿಗಳ ಒಕ್ಕೂಟ ಐಯಾಟಾದ 753ನೇ ನಿರ್ಣಯ 2018ರ ಜೂನಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸದಸ್ಯ ಕಂಪನಿಗಳು ಪೆಟ್ಟಿಗೆಯನ್ನು ನಾಲ್ಕು ಕಡೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ನಮ್ಮಿಂದ ಪಡೆದಾಗ, ವಿಮಾನಕ್ಕೆ ಏರಿಸಿದಾಗ, ನಡುವೆ ಕೈ ಬದಲಾದಾಗ, ನಮಗೆ ಒಪ್ಪಿಸುವಾಗ. ಹಾಗಾಗಿ ಹುಡುಕಿ ಎನ್ನುವುದನ್ನು ಬಿಟ್ಟು, ಕೊನೆಯ ಸ್ಕ್ಯಾನ್ ಎಲ್ಲಿ ಆಗಿದೆ ಹೇಳಿ ಎಂದು ಬರವಣಿಗೆಯಲ್ಲಿ ಕೇಳಿದೆ. ಬೆಂಗಳೂರಿನಲ್ಲಿ ಏರಿಸಿದ ದಾಖಲೆ ಇದೆ, ಮುಂದಿನದು ಇಲ್ಲ ಎಂದು ಉತ್ತರ ಬಂತು. ಪೆಟ್ಟಿಗೆ ನಡುದಾರಿಯಲ್ಲಿದೆ ಎಂದು ಗೊತ್ತಾಯಿತು.

ಚೀಟಿ ಕಳಚಿದ ಪೆಟ್ಟಿಗೆಗಳನ್ನು ತೆರೆದು, ಒಳಗೆ ಏನಿದೆ ಎಂದು ವರ್ಲ್ಡ್‌ಟ್ರೇಸರ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬರೆದಿಡುತ್ತಾರೆ. ನಾವು ಕೊಟ್ಟ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡುತ್ತಾರೆ. ಬಟ್ಟೆ, ತಿಂಡಿ ಎಂದು ಬರೆದರೆ ಯಾರ ಪೆಟ್ಟಿಗೆಗೂ ಹೊಂದುತ್ತದೆ. ನನ್ನ ಫೋಟೊ ನೋಡಿಕೊಂಡು ನಾನು ಬರೆದದ್ದು: ಕೈಯಲ್ಲಿ ಒತ್ತುವ ಹಿತ್ತಾಳೆ ಉಪಕರಣ, ಕಪ್ಪು ಹುಳಿಯ ಗಾಜಿನ ಬಾಟಲಿ, ಅರಿಶಿನ ಬಣ್ಣದ ಬಟ್ಟೆಚೀಲದಲ್ಲಿ ಕಾಳುಮೆಣಸು. ಫೋಟೊವನ್ನೂ ಸೇರಿಸಿದೆ. ಹೊಂದಿಬಿಟ್ಟಿತು! ಅಕ್ಕನಿಗೆ ಫೋನ್ ಬಂದಾಗ ಅವಳು ಆಸ್ಪತ್ರೆಯಲ್ಲಿದ್ದಳು, ಮಗಳು ಹುಟ್ಟಿಯಾಗಿತ್ತು. ಪೆಟ್ಟಿಗೆ ಮನೆ ಬಾಗಿಲಿಗೆ ಬಂದದ್ದು ಮಗುವಿಗಿಂತ ಮೊದಲು. ಕಾಚಂಪುಳಿ ಒಂದು ತೊಟ್ಟೂ ಚೆಲ್ಲಿರಲಿಲ್ಲ. ಒಂದು ಚಕ್ರ ಮುರಿದಿತ್ತು.

ಕಾನೂನನ್ನೂ ತಿಳಿದಿರಬೇಕು. ಇಂಥ ಪ್ರಯಾಣಗಳಿಗೆ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ, ಭಾರತ 2009ರಲ್ಲಿ ಸೇರಿತು. ಪೆಟ್ಟಿಗೆ ಒಡೆದಿದ್ದರೆ ಏಳು ದಿನದೊಳಗೆ, ತಡವಾಗಿದ್ದರೆ ಕೈಗೆ ಬಂದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಹೋಗಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತೆಂದೇ ಪರಿಹಾರ ಕೇಳಬಹುದು. ಒಂದೇ ಟಿಕೆಟ್‌ನಲ್ಲಿ ಎರಡು ಕಂಪನಿಗಳಿದ್ದರೆ ಮೊದಲನೆಯದನ್ನೂ ಕೊನೆಯದನ್ನೂ ಕೇಳುವ ಹಕ್ಕು ನಮಗಿದೆ, ಆ ಕಂಪನಿಯ ಹತ್ತಿರ ಹೋಗಿ ಎಂದು ಅಟ್ಟಿದರೆ ಒಪ್ಪಬೇಡಿ. ಮೊಕದ್ದಮೆಗೆ ಎರಡು ವರ್ಷದ ಗಡುವು. ಪರಿಹಾರದ ಮೇಲ್ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ನಮ್ಮ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸು. ಅದು ಮಿತಿ ಮಾತ್ರ, ನಷ್ಟವನ್ನು ನಾವು ತೋರಿಸಿಕೊಡಬೇಕು.

ಭಾವ ಅಂಗಡಿಯಿಂದ ತಂದ ಮಗುವಿನ ಬಟ್ಟೆ, ಹೊದಿಕೆಗಳ ರಸೀದಿಗಳನ್ನು ಜೋಪಾನವಾಗಿಟ್ಟಿದ್ದರಿಂದ ಆ ಹಣ ಬಂತು. ಚಕ್ರಕ್ಕೂ ಏನೋ ಕೊಟ್ಟರು. ಆದರೆ ಪೆಟ್ಟಿಗೆ ಸಿಗದೇ ಹೋಗಿದ್ದರೆ? ಫಾರಂನಲ್ಲಿ ಪ್ರತಿ ವಸ್ತುವಿನ ಎದುರು ಕೊಂಡ ದಿನ, ಬೆಲೆ, ರಸೀದಿ ಎಂಬ ಖಾನೆಗಳಿದ್ದವು. ಅಜ್ಜಿಯ ಸೀರೆಯ ತುಂಡಿಗೆ, ಮನೆಯಲ್ಲಿ ಕುದಿಸಿದ ಕಾಚಂಪುಳಿಗೆ ಅಲ್ಲಿ ಏನು ಬರೆಯುವುದು? ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಹೋಗುವುದು ಹೆಚ್ಚಾಗಿ ಇಂಥವೇ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮಳೆಗಾಲದ ಕಕ್ಕಡ ತಿಂಗಳು ಕಳೆದ ಮೇಲೆ ಚಿಕ್ಕವ್ವ ಐರ್ಲೆಂಡಿನ ಮಗನ ಮನೆಗೆ ಹೊರಡುತ್ತಾರೆ, ಅವರ ಪೆಟ್ಟಿಗೆಯನ್ನೂ ನಾನೇ ಕಟ್ಟುವುದು. ಹಳೆಯ ಪ್ರಯಾಣದ ಸ್ಟಿಕ್ಕರುಗಳನ್ನೆಲ್ಲ ಕಿತ್ತಿದ್ದೇನೆ, ಯಂತ್ರ ತಪ್ಪು ಬಾರ್‌ಕೋಡ್ ಓದಬಾರದಲ್ಲ. ಹೆಸರು, ಫೋನ್ ನಂಬರು ಬರೆದ ಚೀಟಿಯನ್ನು ಹೊರಗೂ ಒಳಗೂ ಇಟ್ಟಾಗಿದೆ. ಬಿಪಿ ಮಾತ್ರೆ, ಡಾಕ್ಟರ ಚೀಟಿ, ಚಿನ್ನದ ಜೋಮಾಲೆ ಸರ ಕೈಚೀಲಕ್ಕೆ. ಕಾಚಂಪುಳಿಯನ್ನೂ ಕೈಯಲ್ಲೇ ಒಯ್ಯುತ್ತೇನೆ ಎನ್ನುತ್ತಿದ್ದಾರೆ ಚಿಕ್ಕವ್ವ. ನೂರು ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ ಎಂದು ಹೇಳಿ, ಅದನ್ನು ಪೆಟ್ಟಿಗೆಯಲ್ಲಿಟ್ಟು, ಪಟ್ಟಿಯಲ್ಲಿ ಮೊದಲ ಸಾಲಿಗೇ ಬರೆದಿದ್ದೇನೆ.