ಇಪ್ಪತ್ತು ಮಿಲಿಮೀಟರ್ ಉಳಿಸುವ ಲೆಕ್ಕ

ಮಂಗಳೂರು, 12 ಜುಲೈ 2024, ಶುಕ್ರವಾರ

ಬೆಳಗ್ಗಿನಿಂದ ಒಂದೇ ಸಮ ಮಳೆ. ಇಂದಿನ ಆಪರೇಷನ್ ಪಟ್ಟಿಯಲ್ಲಿ ಮೇಲ್ರೆಪ್ಪೆಯ ಕೇಸುಗಳು ಮೂರು. ಮುಂದಿನ ವಾರ ಆಟಿ (ಶುಭಕಾರ್ಯಕ್ಕೆ ಆಗದೆಂಬ ತುಳು ತಿಂಗಳು) ಶುರು, ಅಷ್ಟರೊಳಗೆ ಆಗಿಬಿಡಲಿ ಎಂಬ ಅವಸರ ಮೂವರಿಗೂ. ಮೂವರ ದೂರೂ ಒಂದೇ: "ರೆಪ್ಪೆ ಭಾರ ಆಗ್ತದೆ ಡಾಕ್ಟ್ರೆ, ಮೇಲೆ ನಿಲ್ಲುದಿಲ್ಲ." ಕಾರಣ ಮಾತ್ರ ಮೂರು ಬಗೆ. ಒಬ್ಬರನ್ನು ಟೇಬಲ್ ಹತ್ತಿಸದೆಯೇ ಕಳಿಸಬೇಕಾಯಿತು.

ಅವರು ಉಡುಪಿ–ಮಂಗಳೂರು ಓಟದ ಬಸ್ಸಿನ ಚಾಲಕ. ಬೆಳಗಿನ ಟ್ರಿಪ್ಪಿಗೆ ಏನೂ ಇಲ್ಲ. ಸಂಜೆಯಾದರೆ ಎಡಗಣ್ಣು ಅರ್ಧ ಮುಚ್ಚುತ್ತದೆ, ಒಮ್ಮೊಮ್ಮೆ ಎದುರಿನ ಗಾಡಿ ಎರಡಾಗಿ ಕಾಣುತ್ತದೆ. ಹೊತ್ತು ಹೋದಂತೆ ಬೀಳುವ ರೆಪ್ಪೆಗೆ ಬ್ಲೇಡ್ ತಾಗಿಸಬಾರದು. ಕಣ್ಣು ಮಿಟುಕಿಸದೆ ಮೇಲೆ ನೋಡುತ್ತಾ ಇರಿ ಎಂದಾಗ ಒಂದು ನಿಮಿಷ ತುಂಬುವ ಮೊದಲೇ ರೆಪ್ಪೆ ಜಾರತೊಡಗಿತು. ಗ್ಲೌಸಿನಲ್ಲಿ ಮಂಜುಗಡ್ಡೆ ತುಂಬಿ ಮುಚ್ಚಿದ ಕಣ್ಣಿನ ಮೇಲೆ 2 ನಿಮಿಷ ಇಟ್ಟು ತೆಗೆದರೆ ರೆಪ್ಪೆ 2.5 ಮಿ.ಮೀ. ಮೇಲೆದ್ದಿತ್ತು. 2 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಎದ್ದರೆ ಮಯಸ್ತೇನಿಯಾ ಗ್ರೇವಿಸ್ ಎಂಬ ಅನುಮಾನ ಗಟ್ಟಿಯಾಗುತ್ತದೆ. ನರದ ಸಂದೇಶ ಸ್ನಾಯುವಿಗೆ ದಾಟುವ ಜಾಗದ ಕಾಯಿಲೆ ಅದು, ಮದ್ದು ಗುಳಿಗೆಯಲ್ಲಿದೆ. ನರರೋಗ ತಜ್ಞರಿಗೆ ಚೀಟಿ ಬರೆದು, ಎರಡೆರಡು ಕಾಣುವುದು ನಿಲ್ಲುವ ತನಕ ಸ್ಟಿಯರಿಂಗ್ ಮುಟ್ಟಬೇಡಿ ಎಂದು ಹೇಳಿ ಕಳಿಸಿದ್ದಾಯಿತು. ಪಾಪೆ ಎರಡೂ ಕಡೆ ಸಮ ಇತ್ತು, ಅಷ್ಟು ಸಮಾಧಾನ. ರೆಪ್ಪೆ ಏಕಾಏಕಿ ಬಿದ್ದು ಅದೇ ಕಣ್ಣಿನ ಪಾಪೆ ದೊಡ್ಡದಾಗಿದ್ದರೆ ಅದೇ ದಿನ ಮಿದುಳಿನ ರಕ್ತನಾಳದ ಸ್ಕ್ಯಾನ್ ಆಗಬೇಕು. ನಾಳೆಗೆ ಇಡುವ ಮಾತೇ ಇಲ್ಲ.

ಎರಡನೆಯವರು ಬೀಡಿ ಕಟ್ಟುವ ಅಮ್ಮ, 66 ವರ್ಷ. ನೇರ ನೋಡಲು ಗದ್ದ ಎತ್ತುತ್ತಾರೆ, ಹಣೆ ತುಂಬ ನೆರಿಗೆ. ಮಡಿಲ ಮೊರದಲ್ಲಿನ ಎಲೆ ನೋಡುವಾಗ ಇನ್ನೂ ಕಷ್ಟ. ಈ ಮಾತೇ ಅರ್ಧ ರೋಗನಿರ್ಣಯ. ರೆಪ್ಪೆ ಎತ್ತುವ ಸ್ನಾಯುವಿನ ತುದಿಯ ಪೊರೆ ವಯಸ್ಸಿಗೆ ಸಡಿಲವಾದರೆ ಕೆಳಗೆ ನೋಡುವಾಗ ರೆಪ್ಪೆ ಮತ್ತಷ್ಟು ಇಳಿಯುತ್ತದೆ. ಟಾರ್ಚ್ ಹಿಡಿದು, ಪಾಪೆಯ ಮೇಲಿನ ಬೆಳಕಿನ ಚುಕ್ಕೆಯಿಂದ ರೆಪ್ಪೆಯ ಅಂಚಿಗೆ ಅಳೆದರೆ ಬಲಕ್ಕೆ 1.5, ಎಡಕ್ಕೆ 3.5. ಸಾಮಾನ್ಯವಾಗಿ 4ರಿಂದ 5 ಇರಬೇಕು. ಹುಬ್ಬನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕೆಳಗಿಂದ ಮೇಲೆ ನೋಡಿಸಿದಾಗ ರೆಪ್ಪೆ 13 ಮಿ.ಮೀ. ಓಡಿತು. ಅಂದರೆ ಸ್ನಾಯುವಿಗೆ ಶಕ್ತಿ ಇದೆ, ಹಿಡಿತ ತಪ್ಪಿದೆ. ಇಂಥವರ ಚರ್ಮ ಮಾತ್ರ ಕತ್ತರಿಸಿ ಕಳಿಸಿದರೆ ಗಾಯ ಚಂದಕ್ಕೆ ಒಣಗುತ್ತದೆ, ರೆಪ್ಪೆ ಇದ್ದಲ್ಲೇ ಇರುತ್ತದೆ.

ಬಲ ರೆಪ್ಪೆಯನ್ನು ಬೆರಳಲ್ಲಿ ಎತ್ತಿ ಹಿಡಿದಾಗ ಎಡದ್ದು 3.5ರಿಂದ 2.5ಕ್ಕೆ ಇಳಿಯಿತು. ಎರಡೂ ರೆಪ್ಪೆಗೆ ಮಿದುಳಿನ ಆಜ್ಞೆ ಒಂದೇ ಅಳತೆಯಲ್ಲಿ ಹೋಗುತ್ತದೆ. ಬಿದ್ದದ್ದನ್ನು ಎತ್ತಲು ಹೆಚ್ಚು ಕಳಿಸುವಾಗ ಇನ್ನೊಂದು ಪುಕ್ಕಟೆಯಾಗಿ ನಿಂತಿರುತ್ತದೆ. ಇದನ್ನು ಮೊದಲೇ ತೋರಿಸದಿದ್ದರೆ ಆಮೇಲೆ "ಒಳ್ಳೆ ಕಣ್ಣನ್ನೂ ಹಾಳು ಮಾಡಿದ್ರಿ" ಎಂಬ ಮಾತು ಬರುತ್ತದೆ. ಎರಡೂ ಕಡೆ ಮಾಡುವುದೆಂದು ತೀರ್ಮಾನ.

ಅಡ್ರಿನಲಿನ್ ಸೇರಿದ ಲಿಗ್ನೋಕೇನ್ 2% ಎಂಬ ಮರಗಟ್ಟಿಸುವ ಮದ್ದು, ಒಂದೊಂದು ರೆಪ್ಪೆಗೆ 1 ಮಿ.ಲೀ. ಮಾತ್ರ, ಜಾಸ್ತಿ ಕೊಟ್ಟರೆ ಎತ್ತುವ ಸ್ನಾಯುವೇ ಮರಗಟ್ಟಿ ಅಳತೆ ಸುಳ್ಳಾಗುತ್ತದೆ. ಪೊರೆಯನ್ನು ಮುಂದಕ್ಕೆ ತಂದು ರೆಪ್ಪೆಯ ಒಳಗಿನ ಗಟ್ಟಿ ತಟ್ಟೆಗೆ 6-0 ಎಂಬ ಸಪೂರ ದಾರದ ಹೊಲಿಗೆ, ಮೊದಲನೆಯದು ಪಾಪೆಯ ನೇರಕ್ಕೆ. ಸೂಜಿ ತಟ್ಟೆಯ ಅರ್ಧ ದಪ್ಪದಲ್ಲೇ ಹಾದುಹೋಗಬೇಕು. ಒಳಕ್ಕೆ ದಾಟಿದರೆ ದಾರ ಕಾರ್ನಿಯಾವನ್ನು ಗೀರುತ್ತದೆ, ಆದ್ದರಿಂದ ಪ್ರತಿ ಸಲ ರೆಪ್ಪೆ ಮಗುಚಿ ನೋಡಿಯೇ ಮುಂದಿನದು. ಗಂಟನ್ನು ಸಡಿಲ ಬಿಟ್ಟು ಅಮ್ಮನನ್ನು ಟೇಬಲ್ ಮೇಲೆ ಕೂರಿಸಿ ನೋಡಿದೆವು. ಮಲಗಿದಾಗ ಸಮ ಕಂಡದ್ದು ಕೂತಾಗ ಸಮ ಇರುವುದಿಲ್ಲ. ಬಲಕ್ಕೆ ಒಮ್ಮೆ ಬಿಚ್ಚಿ ಕಟ್ಟಬೇಕಾಯಿತು. ಅಡ್ರಿನಲಿನ್ ರೆಪ್ಪೆಯನ್ನು ತುಸು ಎತ್ತಿ ತೋರಿಸುವುದರಿಂದ ಬೇಕಾದ್ದಕ್ಕಿಂತ 1 ಮಿ.ಮೀ. ಮೇಲೆ ನಿಲ್ಲಿಸಿದ್ದೇವೆ.

ಇನ್ನು ಮೂರನೆಯವರು. 58ರ ಯಕ್ಷಗಾನ ಕಲಾವಿದರು, ಸ್ತ್ರೀವೇಷ. ಪತ್ತನಾಜೆಗೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ಮೇಲೆಯೇ ಬಿಡುವು. ಇವರದ್ದು ನಿಜವಾಗಿಯೂ ಚರ್ಮದ ಕೇಸು: ಹೊರಮೂಲೆಯಲ್ಲಿ ಚರ್ಮ ರೆಪ್ಪೆಕೂದಲಿನ ಮೇಲೆ ಮಡಚಿ ಕೂತಿದೆ, ಆ ಮಡಿಕೆಯ ಅಡಿಯಲ್ಲಿ ಮೇಲ್ರೆಪ್ಪೆಯ ಅಂಚು ಸರಿ ಜಾಗದಲ್ಲೇ ಇದೆ. ಹುಬ್ಬು ಜಾರಿಲ್ಲ. ಜಾರಿದ್ದರೆ ಮೊದಲು ಅದರ ದಾರಿ ನೋಡಬೇಕಿತ್ತು. ರೆಪ್ಪೆ ಹಗುರಾದ ಮೇಲೆ ಹಣೆಯ ಸ್ನಾಯು ಎಳೆಯುವುದನ್ನು ಬಿಡುತ್ತದೆ, ಹುಬ್ಬು ಮತ್ತೂ ಕೆಳಗೆ ಬರುತ್ತದೆ. ಕಣ್ಣೀರು ಅಳೆಯುವ ಕಾಗದದ ಪಟ್ಟಿ 5 ನಿಮಿಷಕ್ಕೆ 14 ಮಿ.ಮೀ. ಒದ್ದೆಯಾಯಿತು, ಸಾಕು.

ಗುರುತು ಹಾಕುವುದು ಕೂತ ಭಂಗಿಯಲ್ಲಿ, ಸೂಜಿ ಚುಚ್ಚುವ ಮೊದಲು. ಮದ್ದು ಹೋದ ಮೇಲೆ ಚರ್ಮ ಉಬ್ಬಿ ಯಾವ ಅಳತೆಯೂ ನಿಲ್ಲದು. ಕೆಳಗೆರೆ ಸಹಜ ಮಡಿಕೆಯ ಮೇಲೆ, ಇವರಿಗೆ ಅಂಚಿನಿಂದ 7 ಮಿ.ಮೀ.; ಹೆಂಗಸರಲ್ಲಾದರೆ 8ರಿಂದ 10. ಮೂಗಿನ ಕಡೆ ಕಣ್ಣೀರಿನ ತೂತಿನ ನೇರಕ್ಕೆ ನಿಲ್ಲಬೇಕು, ದಾಟಿದರೆ ಒಣಗುವಾಗ ಬಾತುಕೋಳಿಯ ಕಾಲಿನಂತೆ ಜಾಲ ಕಟ್ಟುತ್ತದೆ.

ಮೇಲ್ಗೆರೆಯದ್ದೇ ಫಜೀತಿ. ರೆಪ್ಪೆಕೂದಲಿನಿಂದ ಹುಬ್ಬಿನ ಕೆಳ ಅಂಚಿನವರೆಗೆ ಕಡೆಗೆ ಕನಿಷ್ಠ 20 ಮಿ.ಮೀ. ಚರ್ಮ ಉಳಿಯಬೇಕು, ಇಲ್ಲವಾದರೆ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಚರ್ಮ ಚಾಚಿ ಹಿಡಿದು ಅಳೆದರೆ 33 ಬಂತು. ಹಾಗಾದರೆ 13 ತೆಗೆಯಬಹುದು ಎಂದು ಲೆಕ್ಕ ಹಾಕುವಷ್ಟರಲ್ಲಿ ಲೂಪ್‌ನಲ್ಲಿ (ಕಣ್ಣಿಗೆ ಹಾಕುವ ಭೂತಕನ್ನಡಿ) ಕಂಡದ್ದು ಹುಬ್ಬಿನ ಅಡಿಯಲ್ಲಿ ಕಪ್ಪು ಚುಕ್ಕೆಗಳ ಸಾಲು. ವೇಷಕ್ಕಾಗಿ ಹುಬ್ಬಿನ ಕೆಳಭಾಗ ಬೋಳಿಸುತ್ತಾರೆ. ಅವು ಕೂದಲಿನ ಮೊಳಕೆ, 3 ಮಿ.ಮೀ. ಅಗಲಕ್ಕೆ. ನಿಜವಾದ ಅಂಚಿನವರೆಗೆ ಇದ್ದದ್ದು 30 ಮಾತ್ರ. ಹುಬ್ಬಿನ ಅಡಿಯ ಚರ್ಮ ದಪ್ಪ, ರೆಪ್ಪೆಯ ಚರ್ಮದ ಹಾಗೆ ಮಡಚದು, ಆದ್ದರಿಂದ ಆ 3 ಮಿ.ಮೀ. ಲೆಕ್ಕಕ್ಕೆ ಹಿಡಿಯುವಂತಿಲ್ಲ. ಪಾರ್ಲರಿನಲ್ಲಿ ಥ್ರೆಡಿಂಗ್ ಮಾಡಿಸುವವರಲ್ಲೂ ಇದೇ ಮೋಸ. 9 ಮಿ.ಮೀ.ಗೆ ಗೆರೆ ಎಳೆದು, ಹಲ್ಲಿಲ್ಲದ ಚಿಮಟದಿಂದ ಚರ್ಮ ಚಿವುಟಿ ಪರೀಕ್ಷಿಸಿದೆವು: ರೆಪ್ಪೆಕೂದಲು ತುಸು ಮೇಲೆ ತಿರುಗಿತು, ಕಣ್ಣು ತೆರೆದುಕೊಳ್ಳಲಿಲ್ಲ. ಅಲ್ಲಿಗೆ ಸರಿ. ಕಡಿಮೆಯಾದರೆ ಆರು ತಿಂಗಳ ನಂತರ ಇನ್ನು ತುಸು ತೆಗೆಯಬಹುದು, ಹೆಚ್ಚಾದರೆ ಕಿವಿಯ ಹಿಂದಿನಿಂದ ಚರ್ಮ ತಂದು ಕಸಿ ಮಾಡಬೇಕು.

ಚುಚ್ಚಿ 10 ನಿಮಿಷ ಕಾದರೆ ರಕ್ತ ಅರ್ಧಕ್ಕರ್ಧ ಕಡಿಮೆ. 15ನೇ ನಂಬರ್ ಬ್ಲೇಡ್, ಚರ್ಮ, ಅಡಿಯ ಸ್ನಾಯುವಿನಿಂದ ತೆಳುವಾದ ಒಂದು ಎಳೆ, ಅಷ್ಟು ಮಾತ್ರ. ಹಿಂದೆ ಸ್ನಾಯು, ಕೊಬ್ಬು ಎಲ್ಲ ಧಾರಾಳವಾಗಿ ತೆಗೆದು ಕಣ್ಣು ಗುಳಿ ಬೀಳುತ್ತಿತ್ತು. ನಡುವಿನ ಕೊಬ್ಬು ಹಳದಿ, ಮೂಗಿನ ಕಡೆಯದ್ದು ಬಿಳಿಚು. ಕಣ್ಣುಗುಡ್ಡೆಯನ್ನು ಹಗುರವಾಗಿ ಒತ್ತಿದಾಗ ತಾನಾಗಿ ಮುಂದೆ ಬಂದಷ್ಟನ್ನು ಕಾಟರಿ (ರಕ್ತ ನಿಲ್ಲಿಸಲು ಸುಡುವುದು) ಕೊಟ್ಟ ಮೇಲೆಯೇ ಕತ್ತರಿಸಬೇಕು. ಎಳೆದರೆ ಒಳಗೆ ನಾಳ ಹರಿದು ಕಣ್ಣಿನ ಹಿಂದೆ ರಕ್ತ ತುಂಬುತ್ತದೆ. ಹೊರಮೂಲೆಯಲ್ಲಿ ಬೂದು ಮಿಶ್ರಿತ ಗುಲಾಬಿ ಬಣ್ಣದ್ದು ಕಂಡರೆ ಅದು ಕಣ್ಣೀರಿನ ಗ್ರಂಥಿ, ಕೈ ಹಚ್ಚಬಾರದು.

ಪಟ್ಟಿ ಕಟ್ಟಿಲ್ಲ, ಯಾರಿಗೂ ಕಟ್ಟುವುದಿಲ್ಲ. ಸಂಜೆವರೆಗೆ ಅರ್ಧ ಗಂಟೆಗೊಮ್ಮೆ ಬೆರಳು ಎಣಿಸಲು ಹೇಳಬೇಕಲ್ಲ. ನೋವು ಏರುತ್ತಾ ರೆಪ್ಪೆ ಕಲ್ಲಿನಂತೆ ಬಿಗಿದು ದೃಷ್ಟಿ ಮಂಕಾದರೆ ಕಣ್ಣಿನ ಹಿಂದೆ ರಕ್ತ ತುಂಬಿದೆಯೆಂದೇ ಲೆಕ್ಕ; ಸ್ಕ್ಯಾನಿಗೆ ಓಡದೆ ಹಾಸಿಗೆಯಲ್ಲೇ ಹೊಲಿಗೆ ಬಿಚ್ಚಿ, ಹೊರಮೂಲೆ ಕೊಯ್ದು ಒತ್ತಡ ಇಳಿಸಬೇಕು. ಒಂದೂವರೆ ಗಂಟೆ ದಾಟಿದರೆ ಹೋದ ದೃಷ್ಟಿ ವಾಪಸು ಬರುವುದು ಕಷ್ಟ. ಅಮ್ಮನ ಆ್ಯಸ್ಪಿರಿನ್ ಅನ್ನು ಹೃದ್ರೋಗ ತಜ್ಞರ ಒಪ್ಪಿಗೆಯಿಂದ ವಾರದ ಮೊದಲೇ ನಿಲ್ಲಿಸಿದ್ದೂ ಇದಕ್ಕೇ.

ಮನೆಗೆ ಹೇಳಿ ಕಳಿಸಿದ್ದು: ಎರಡು ದಿನ, ಎಚ್ಚರ ಇರುವಾಗ ಗಂಟೆಗೊಮ್ಮೆ 10 ನಿಮಿಷ ತಣ್ಣನೆ ಬಟ್ಟೆ, ಎರಡು ತಲೆದಿಂಬು, ಬಗ್ಗಿ ಗುಡಿಸುವುದು, ಕೊಡ ಎತ್ತುವುದು ಬೇಡ. ಹೊಲಿಗೆ ಬಿಚ್ಚುವ ತನಕ ತಲೆಗೆ ನೀರು ಹಾಕಬಾರದು, ಮಳೆಯಲ್ಲಿ ನೆನೆಯಲೂಬಾರದು. ಅರಶಿನ, ತೆಂಗಿನೆಣ್ಣೆ ಹಚ್ಚುವ ಉಪಕಾರ ನೆರೆಮನೆಯವರು ಮಾಡದ ಹಾಗೆ ನೋಡಿಕೊಳ್ಳಿ ಎಂದೂ ಹೇಳಿದ್ದೇವೆ. ಮೊದಲ ಕೆಲವು ವಾರ ನಿದ್ದೆಯಲ್ಲಿ ಕಣ್ಣು ಕೂದಲೆಳೆಯಷ್ಟು ತೆರೆದಿರಬಹುದು, ರಾತ್ರಿ ಮುಲಾಮು ತಪ್ಪಿಸಬಾರದು. 18ರ ಗುರುವಾರ ಹೊಲಿಗೆ ಬಿಚ್ಚುವುದು.

ಹೊರಡುವಾಗ ಕಲಾವಿದರು ಕೇಳಿದರು, "ಬಣ್ಣ ಯಾವಾಗ ಹಚ್ಚಬಹುದು ಮಾರಾಯ್ರೆ?" ಹಚ್ಚುವುದಕ್ಕಿಂತ ಎಣ್ಣೆ ಹಾಕಿ ತಿಕ್ಕಿ ತೆಗೆಯುವುದೇ ಗಾಯಕ್ಕೆ ಕೆಟ್ಟದ್ದು. ಆರು ವಾರ, ಅಂದರೆ ಆಗಸ್ಟ್ 23ರ ತನಕ ಯಾವ ಆಟಕ್ಕೂ ಒಪ್ಪಿಕೊಳ್ಳಬೇಡಿ ಎಂದೆವು. ಅಷ್ಟರಲ್ಲಿ ಎರಡು ತಾಳಮದ್ದಳೆ ಉಂಟಂತೆ. ಅದಕ್ಕೆ ಅಡ್ಡಿಯಿಲ್ಲ, ಬಣ್ಣ ಬೇಡವಲ್ಲ.